ಪೊಲೀಸರು ಕೈ ಮಾಡಿದರೂ ಗಾಡಿ ನಿಲ್ಲಿಸದೆ ಹೋದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಜನ ಕೋರ್ಟ್ ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಇಲ್ಲಿ ಬರುವ ಕಾನೂನು ಮುಖ್ಯವಾಗಿ ಮೂರು. ಒಂದು, 2019ರಲ್ಲಿ ತಿದ್ದುಪಡಿಯಾದ 1988ರ ಮೋಟಾರು ವಾಹನ ಕಾಯ್ದೆ. ಉಳಿದೆರಡು, 2024ರ ಜುಲೈ 1ರಿಂದ ಐಪಿಸಿ ಮತ್ತು ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್).

## ಚೆಕಿಂಗ್ ಮತ್ತು ದಂಡ

ಪೊಲೀಸ್ರು ಕೈ ಮಾಡಿದ್ರು, ನಾ ನಿಲ್ಲಸಲಿಲ್ಲ. ಇಷ್ಟಕ್ಕೇ ಕೇಸ್ ಆಗ್ತದೇನ್ರಿ?

ಆಗುತ್ತದೆ, ಆದರೆ ಸಣ್ಣದು. ಅಧಿಕಾರ ಇರುವವರು ಕಾನೂನು ಪ್ರಕಾರ ಹೇಳಿದ್ದನ್ನು ಬೇಕಂತಲೇ ಮೀರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 179ರಲ್ಲಿ 2,000 ರೂ. ವರೆಗೆ ದಂಡ. ಅಷ್ಟಕ್ಕೇ ಜೈಲಿಲ್ಲ. ಕತ್ತಲಲ್ಲಿ ನಿಜಕ್ಕೂ ಕಾಣಲಿಲ್ಲ, ಲಾರಿ ಅಡ್ಡ ಬಂದಿತ್ತು ಅಂದರೆ ಅದು ಬೇರೆ ಮಾತು.

ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ಕೇಂದ್ರ ಮೋಟಾರು ವಾಹನ ನಿಯಮ 21ರಲ್ಲಿ ಲೈಸೆನ್ಸ್ ಕಳೆದುಕೊಳ್ಳಲು ಕಾರಣವಾಗುವ ಕೆಲಸಗಳ ಪಟ್ಟಿ ಇದೆ. ಅಧಿಕಾರ ಇರುವವರು ಸನ್ನೆ ಮಾಡಿದಾಗ ನಿಲ್ಲಿಸದೇ ಇರುವುದೂ ಅದರಲ್ಲಿ ಸೇರಿದೆ. ದಂಡ ಕಟ್ಟಿ ಮರೆತುಬಿಡಬಹುದು. ಲೈಸೆನ್ಸ್ ಮೇಲೆ ಹೊಟ್ಟೆ ಹೊರೆಯುವ ಡ್ರೈವರ್‌ಗೆ ಅದು ಹೋದರೆ ಮರೆಯಲು ಆಗುವುದಿಲ್ಲ.

ಹೆಲ್ಮೆಟ್ ಇರ್ಲಿಲ್ಲ, ಹೆದರಿ ಓಡಿದೆ. ಐನೂರು ರೂಪಾಯಿ ಉಳೀತಲ್ಲ?

ಉಳಿಯಲಿಲ್ಲ. ಓಡುವವರಲ್ಲಿ ಹೆಚ್ಚಿನವರು ಕಳ್ಳರೂ ಅಲ್ಲ, ಕುಡುಕರೂ ಅಲ್ಲ. ಹೆಲ್ಮೆಟ್ ಇಲ್ಲ, ಇನ್ಶೂರೆನ್ಸ್ ಮುಗಿದಿದೆ, ಮೂರು ಜನ ಕೂತಿದ್ದಾರೆ, ಇಷ್ಟೇ. ಇವೆಲ್ಲ ದಂಡದಲ್ಲಿ ಮುಗಿಯುವ ವಿಷಯ.

ಓಡುವಾಗ ಏನಾಗುತ್ತದೆ ನೋಡಿ. ಕಲಬುರಗಿಯ ಜಗತ್ ವೃತ್ತದಲ್ಲಿ ಕೈ ಮಾಡಿದರು ಅಂದುಕೊಳ್ಳಿ. ನೀವು ಆಕ್ಸಿಲರೇಟರ್ ತಿರುವಿದಿರಿ, ಕೆಂಪು ದೀಪ ದಾಟಿದಿರಿ, ಎದುರು ದಿಕ್ಕಿನಲ್ಲಿ ನುಗ್ಗಿದಿರಿ. ಸಿಗ್ನಲ್ ಜಂಪ್, ರಾಂಗ್ ಸೈಡ್ ಎರಡೂ ಈಗ ಸೆಕ್ಷನ್ 184ರ ಅಪಾಯಕಾರಿ ಚಾಲನೆಯಲ್ಲಿ ಬರುತ್ತವೆ. ಅದಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂ. ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 10,000 ರೂ. ದಂಡ, ಇಲ್ಲವೇ ಎರಡೂ. ಇದರ ಜೊತೆ ಅಜಾಗರೂಕ ಚಾಲನೆಯ ಬಿಎನ್‌ಎಸ್ ಸೆಕ್ಷನ್ 281 ಹಾಕಬಹುದು. ಹಿರಿಯರು ಇನ್ನೂ ಐಪಿಸಿಯ ‘279’ ಅನ್ನುತ್ತಾರಲ್ಲ, ಅದೇ. 6 ತಿಂಗಳವರೆಗೆ ಜೈಲು ಅಥವಾ 1,000 ರೂ. ವರೆಗೆ ದಂಡ, ಅಥವಾ ಎರಡೂ. 184ರ ತಪ್ಪು ಯೂನಿಫಾರ್ಮ್‌ನಲ್ಲಿರುವ ಪೊಲೀಸರ ಕಣ್ಣೆದುರೇ ನಡೆದರೆ ವಾರಂಟ್ ಇಲ್ಲದೆ ಹಿಡಿಯಬಹುದು ಎಂದು ಸೆಕ್ಷನ್ 202 ಹೇಳುತ್ತದೆ.

ಇಷ್ಟಾದ ಮೇಲೂ ಹೆಲ್ಮೆಟ್ ದಂಡ ತಪ್ಪುವುದಿಲ್ಲ. ಕ್ಯಾಮೆರಾದಲ್ಲಿ ನಂಬರ್ ಬಿದ್ದಿದ್ದರೆ ಚಲನ್ ಮನೆಗೇ ಬರುತ್ತದೆ.

ಕಾನ್‌ಸ್ಟೇಬಲ್‌ಗೆ ಗಾಡಿ ನಿಲ್ಲಿಸೋ ಅಧಿಕಾರನೇ ಇಲ್ಲ ಅಂತ ವಾಟ್ಸಾಪ್‌ನಾಗ ಬಂದದ. ಖರೇ ಏನು?

ಅರ್ಧ ಖರೆ, ಅರ್ಧ ಸುಳ್ಳು. ದಂಡ ಹಾಕಿ ರಸೀದಿ ಕೊಡುವ ಅಧಿಕಾರ ನಮ್ಮ ರಾಜ್ಯದಲ್ಲಿ ಎಎಸ್‌ಐ ಮತ್ತು ಅದಕ್ಕಿಂತ ಮೇಲಿನವರದು. ಆದರೆ ಯೂನಿಫಾರ್ಮ್‌ನಲ್ಲಿರುವ ಯಾವ ಪೊಲೀಸರು ಕೇಳಿದರೂ ಲೈಸೆನ್ಸ್ ತೋರಿಸಬೇಕು ಎಂದು ಸೆಕ್ಷನ್ 130 ಹೇಳುತ್ತದೆ. ಅಲ್ಲಿ ದರ್ಜೆಯ ಮಾತಿಲ್ಲ. ವಾಟ್ಸಾಪ್ ಪಂಡಿತರು ಹಿಡಿದುಕೊಂಡಿರುವುದು ಸೆಕ್ಷನ್ 132ನ್ನು. ಅದರಲ್ಲಿ ಸಬ್ ಇನ್‌ಸ್ಪೆಕ್ಟರ್ ಮಾತು ಬರುವುದು ಅಪಘಾತವಾದ ಗಾಡಿಯ ವಿಷಯದಲ್ಲಿ ಮಾತ್ರ.

ಕಾಗದ ಜೊತೆಗಿಲ್ಲ ಅಂತ ಓಡುವುದಂತೂ ಶುದ್ಧ ದಡ್ಡತನ. ಡಿಜಿಲಾಕರ್, ಎಂ-ಪರಿವಾಹನ್‌ನಲ್ಲಿ ತೋರಿಸಿದರೆ ನಡೆಯುತ್ತದೆ. ಆರ್‌ಸಿ, ಇನ್ಶೂರೆನ್ಸ್ ಮನೆಯಲ್ಲಿದ್ದರೆ ಆಮೇಲೆ ತಂದು ತೋರಿಸಲು 15 ದಿನದ ಅವಕಾಶವೂ ಇದೆ.

ದೂರದಿಂದಲೇ ಚೆಕಿಂಗ್ ನೋಡಿ ಗಾಡಿ ತಿರುಗಿಸ್ಕೊಂಡು ಬಂದ್ರ?

ನಿಮಗೆ ಯಾರೂ ಇನ್ನೂ ಕೈ ಮಾಡಿಲ್ಲ, ಯು-ಟರ್ನ್‌ಗೆ ಅನುಮತಿ ಇರುವ ಜಾಗ ಅಂದರೆ ತಪ್ಪಿಲ್ಲ. ಡಿವೈಡರ್ ಹತ್ತಿಸಿ ಎದುರು ದಿಕ್ಕಿನಲ್ಲಿ ಬಂದರೆ ಮೇಲೆ ಹೇಳಿದ 184.

ಅವ್ರೇ ಗಾಡಿಗೆ ಅಡ್ಡ ಹಾರ್ತಾರ, ಕೀ ಕಸ್ಕೋತಾರ. ಅದಕ್ಕ ಕಾನೂನು ಇಲ್ಲೇನು?

ಇದು ನ್ಯಾಯವಾದ ಸಿಟ್ಟು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆದಾಗ ತಂದೆ ತಾಯಿ ಜೊತೆಗಿದ್ದ ಪುಟ್ಟ ಮಗು ಕೆಳಗೆ ಬಿದ್ದು ಸತ್ತುಹೋಯಿತು. ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರೀ ಕಾಗದ ನೋಡಲು ನಿಲ್ಲಿಸಬಾರದು. ದಿಢೀರ್ ಅಂತ ಎದುರು ಬರಬಾರದು. ಕೀ ಕಿತ್ತುಕೊಳ್ಳಬಾರದು. ಹಿಂದೆ ಕೂತವರನ್ನು ಎಳೆಯಬಾರದು. ಜೋರಾಗಿ ಹೋಗುವವರ ಬೆನ್ನು ಹತ್ತುವ ಬದಲು ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು.

ಸಂಚಾರ ನಿಯಮ ಜಾರಿ ಮಾಡುವವರೇ ಅದನ್ನು ಮುರಿದರೆ ಎರಡು ಪಟ್ಟು ದಂಡ ಎಂದು ಸೆಕ್ಷನ್ 210ಬಿ ಕೂಡ ಹೇಳುತ್ತದೆ. ಎಷ್ಟು ಜನರಿಗೆ ಬಿದ್ದಿದೆಯೋ, ಅದು ಬೇರೆ ಮಾತು! ಸುತ್ತೋಲೆ ಮುರಿದವರ ಮೇಲೆ ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ, ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೆ ದೂರು ಕೊಡಬಹುದು. ಆದರೆ ‘ಅವರು ಸುತ್ತೋಲೆ ಪಾಲಿಸಲಿಲ್ಲ, ಅದಕ್ಕೇ ಓಡಿದೆ’ ಅಂದರೆ ಕೋರ್ಟಿನಲ್ಲಿ ನಡೆಯುವುದು ಕಷ್ಟ.

ರಾತ್ರಿ ಜೇವರ್ಗಿ ರೋಡಿನಾಗ ಒಬ್ಬಾಕೀನೇ ಬರ್ತಿದ್ದೆ. ಪೊಲೀಸ್ರೋ ಕಳ್ಳರೋ ಗೊತ್ತಾಗಲಿಲ್ಲ, ನಿಲ್ಲಸಲಿಲ್ಲ. ತಪ್ಪೇನು?

ಯೂನಿಫಾರ್ಮ್ ಇಲ್ಲ, ಪೊಲೀಸ್ ಗಾಡಿ ಕಾಣುತ್ತಿಲ್ಲ ಅಂದರೆ ಹೆದರಿದ್ದು ತಪ್ಪಲ್ಲ. ಆದರೆ ವೇಗ ಹೆಚ್ಚಿಸಬೇಡಿ. ನಿಧಾನ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ, ಸುರಕ್ಷಿತ ಜಾಗ ಸಿಕ್ಕ ತಕ್ಷಣ 112ಕ್ಕೆ ಫೋನ್ ಮಾಡಿ ಎಲ್ಲಿದ್ದೀರಿ ಹೇಳಿ. ಬೆಳಕಿರುವ ಪೆಟ್ರೋಲ್ ಬಂಕ್ ಅಥವಾ ಢಾಬಾ ಮುಂದೆ ನಿಲ್ಲಿಸಿ. ನೀವು ತಪ್ಪಿಸಿಕೊಳ್ಳಲು ಓಡಲಿಲ್ಲ ಅನ್ನುವುದಕ್ಕೆ ಆ ಫೋನ್ ಕರೆಯೇ ಸಾಕ್ಷಿ.

ಹೆರಿಗಿ ಕೇಸ್ ಕರ್ಕೊಂಡು ಕಲಬುರಗಿ ಜಿಮ್ಸ್ ದವಾಖಾನಿಗೆ ಹೊಂಟಿದ್ದೆವು. ಆಗೂ ನಿಲ್ಲಸಬೇಕೇನು?

ಒಂದು ಕ್ಷಣ ನಿಲ್ಲಿಸಿ ಹೇಳುವುದೇ ಲೇಸು. ಎಷ್ಟೋ ಸಲ ಪೊಲೀಸರೇ ಮುಂದೆ ದಾರಿ ಬಿಡಿಸಿಕೊಡುತ್ತಾರೆ. ನಿಲ್ಲಿಸದೇ ಹೋದರೂ ಬಿಎನ್‌ಎಸ್ ಸೆಕ್ಷನ್ 19 ನೆರವಿಗೆ ಬರಬಹುದು. ದೊಡ್ಡ ಅಪಾಯ ತಪ್ಪಿಸಲು ಕೆಟ್ಟ ಉದ್ದೇಶವಿಲ್ಲದೆ ಮಾಡಿದ ಕೆಲಸವನ್ನು ಅದು ಅಪರಾಧ ಅನ್ನುವುದಿಲ್ಲ. ಆಸ್ಪತ್ರೆಯ ಚೀಟಿ, ದಾಖಲಾದ ಸಮಯ ಎರಡನ್ನೂ ಜೋಪಾನ ಮಾಡಿ.

## ಓಡಿದ ಮೇಲೆ

ನಂಬರ್ ಬರ್ಕೊಂಡಾರ. ಗಾಡಿ ನಮ್ಮಪ್ಪನ ಹೆಸರಿನಾಗ ಅದ. ಅವ್ರಿಗೆ ತ್ರಾಸ ಆಗ್ತದೇನು?

ಮೊದಲು ಬಾಗಿಲು ತಟ್ಟುವುದು ಅವರದೇ. ಗಾಡಿ ಓಡಿಸಿದವರು ಯಾರು, ವಿಳಾಸ ಏನು ಅಂತ ಪೊಲೀಸರು ಕೇಳಿದರೆ ಮಾಲೀಕರು ಹೇಳಲೇಬೇಕು (ಮೋಟಾರು ವಾಹನ ಕಾಯ್ದೆ, ಸೆಕ್ಷನ್ 133). ಬೇಕಂತಲೇ ಮುಚ್ಚಿಟ್ಟರೆ, ಸುಳ್ಳು ಹೇಳಿದರೆ 6 ತಿಂಗಳವರೆಗೆ ಜೈಲು ಅಥವಾ 5,000 ರೂ. ವರೆಗೆ ದಂಡ, ಅಥವಾ ಎರಡೂ. ‘ನಾನೇ ಓಡಿಸಿದ್ದೆ’ ಅಂತ ಮಗನ ತಪ್ಪು ಮೈಮೇಲೆ ಹಾಕಿಕೊಳ್ಳುವ ಅಪ್ಪಂದಿರಿದ್ದಾರೆ. ಸಿಸಿಟಿವಿ ಬಂದ ಮೇಲೆ ಆ ಮಮತೆ ಇಬ್ಬರನ್ನೂ ಸಿಕ್ಕಿಸುತ್ತದೆ.

ಇನ್ನೊಂದು ರಗಳೆ, ಮಾರಿದ ಬೈಕ್. ಕೆಎ-32, ಕೆಎ-33, ಕೆಎ-38 ನಂಬರಿನ ಹಳೆ ಬೈಕುಗಳು ಸಹಿ ಮಾಡಿದ ಖಾಲಿ ಫಾರ್ಮ್ ಜೊತೆ ಮೂರು ನಾಲ್ಕು ಕೈ ದಾಟಿರುತ್ತವೆ. ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದ ಕೂಡಲೇ ಫಾರ್ಮ್ 29, 30 ಕೊಟ್ಟು ಹೆಸರು ಬದಲಾಯಿಸಿ.

ಹುಡುಗಗ ಹದಿನಾರು ವರ್ಷ. ಸಣ್ಣವ ಅಂತ ಬಿಡ್ತಾರಲ್ಲ?

ಅವನ ವಿಚಾರಣೆ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಬಿಸಿ ತಾಗುವುದು ನಿಮಗೆ. ಸೆಕ್ಷನ್ 199ಎ ಪ್ರಕಾರ ಪೋಷಕರು ಅಥವಾ ಗಾಡಿ ಮಾಲೀಕರೇ ತಪ್ಪಿತಸ್ಥರು. 3 ವರ್ಷದವರೆಗೆ ಜೈಲು, 25,000 ರೂ. ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ನನಗೆ ಗೊತ್ತೇ ಇರಲಿಲ್ಲ, ತಡೆಯಲು ಪ್ರಯತ್ನ ಮಾಡಿದ್ದೆ ಅನ್ನುವುದನ್ನು ನೀವೇ ಸಾಬೀತು ಮಾಡಬೇಕು. ಕೀ ಗೋಡೆಯ ಮೊಳೆಗೆ ನೇತಾಡುತ್ತಿದ್ದ ಮನೆಯಲ್ಲಿ ಅದು ಸುಲಭವಲ್ಲ.

ಹಿಂದ ಕುಂತವನ ಮ್ಯಾಲೂ ಕೇಸ್ ಹಾಕ್ತಾರೇನು?

ಸುಮ್ನೆ ಕೂತಿದ್ದಕ್ಕೆ ಇಲ್ಲ. ‘ಹೊಡಿ, ನಿಲ್ಲಿಸಬ್ಯಾಡ’ ಅಂತ ಹುರಿದುಂಬಿಸಿದ್ದರೆ, ನಂಬರ್ ಪ್ಲೇಟಿಗೆ ಕೈ ಅಡ್ಡ ಹಿಡಿದಿದ್ದರೆ ಕುಮ್ಮಕ್ಕು, ಸಮಾನ ಉದ್ದೇಶದ ಸೆಕ್ಷನ್‌ಗಳು ಬರಬಹುದು.

ತೆಲಂಗಾಣದ ಜಹೀರಾಬಾದ್ ಮುಟ್ಟಿದ್ರ ನಮ್ಮ ಪೊಲೀಸ್ರು ಏನೂ ಮಾಡಂಗಿಲ್ಲ ಅಂತಾರ. ಖರೇನ?

ಬೀದರ್ ಕಡೆ ಈ ನಂಬಿಕೆ ಬಹಳ ಗಟ್ಟಿ. ಹುಮನಾಬಾದ್ ಮೇಲೆ ಹಾದುಹೋಗುವ 65ನೇ ಹೆದ್ದಾರಿ ಒಂದು ಕಡೆ ತೆಲಂಗಾಣಕ್ಕೆ, ಇನ್ನೊಂದು ಕಡೆ ಮಹಾರಾಷ್ಟ್ರಕ್ಕೆ ಮುಟ್ಟಿಸುತ್ತದೆ. ಔರಾದ್, ಭಾಲ್ಕಿ, ಆಳಂದದ ಜನಕ್ಕೂ ಗಡಿ ಅಂದರೆ ಪಕ್ಕದ ಊರು. ಆದರೆ ವಾರಂಟ್ ಇಲ್ಲದೆ ಹಿಡಿಯಬಹುದಾದ ಆರೋಪಿಯನ್ನು ಪೊಲೀಸರು ಭಾರತದ ಯಾವ ಜಾಗಕ್ಕಾದರೂ ಬೆನ್ನಟ್ಟಬಹುದು ಎಂದು ಬಿಎನ್‌ಎಸ್‌ಎಸ್ ಸೆಕ್ಷನ್ 45 ಹೇಳುತ್ತದೆ. ಹಳೆಯ ಸಿಆರ್‌ಪಿಸಿಯಲ್ಲೂ ಇದೇ ಇತ್ತು. ಗಡಿ ದಾಟಿದರೆ ಸಿಗುವುದು ಒಂದಷ್ಟು ಸಮಯ, ಅಷ್ಟೇ. ವಾಪಸ್ ಬರಲೇಬೇಕಲ್ವಾ?

ಕುಡಿದಿದ್ದೆ, ಅದಕ್ಕೇ ಓಡಿದೆ. ಮರುದಿನ ಸಿಕ್ಕಿದ್ರ ಏನೂ ಸಾಬೀತಾಗಲ್ಲ, ಹೌದಲ್ಲ?

ಸೆಕ್ಷನ್ 185ಕ್ಕೆ ಪರೀಕ್ಷೆ ಮುಖ್ಯ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂ. ದಂಡ, ಅಥವಾ ಎರಡೂ. ಅದರಿಂದ ತಪ್ಪಿಸಿಕೊಳ್ಳಲು ಓಡಿ ದಾರಿಯಲ್ಲಿ ಯಾರನ್ನಾದರೂ ಗುದ್ದಿದರೆ, 10,000 ರೂಪಾಯಿಯ ಭಯಕ್ಕೆ ದೊಡ್ಡ ಕೇಸ್ ಕೊಂಡುಕೊಂಡ ಹಾಗೆ. ಬಾರಿನ ಬಿಲ್, ಯುಪಿಐ, ಸಿಸಿಟಿವಿ, ಜೊತೆಗೆ ಕುಡಿದ ಗೆಳೆಯನ ಹೇಳಿಕೆ ಎಲ್ಲವೂ ಆಮೇಲೆ ಹೊರಗೆ ಬರುತ್ತವೆ.

## ಪೆಟ್ಟು, ಸಾವು

ಓಡೋ ಗಡಿಬಿಡಿಯಾಗ ಯಾರಿಗರೆ ಹಾಯ್ದಿದ್ರ?

ಇಲ್ಲಿಂದ ಕೇಸಿನ ಬಣ್ಣವೇ ಬದಲಾಗುತ್ತದೆ. ಗಾಯವಾದರೆ ಬಿಎನ್‌ಎಸ್ ಸೆಕ್ಷನ್ 125ರಲ್ಲಿ 6 ತಿಂಗಳವರೆಗೆ, ತೀವ್ರ ಗಾಯವಾದರೆ 3 ವರ್ಷದವರೆಗೆ ಜೈಲು. ಸತ್ತರೆ ಸೆಕ್ಷನ್ 106(1), 5 ವರ್ಷದವರೆಗೆ ಜೈಲು ಮತ್ತು ದಂಡ. ಐಪಿಸಿಯ ಹಳೆಯ 304ಎ ಇದ್ದಾಗ ಇದು 2 ವರ್ಷ ಇತ್ತು.

‘10 ವರ್ಷ ಅಂತಾರಲ್ಲ?’ ಎಂದು ಲಾರಿ ಡ್ರೈವರ್‌ಗಳು ಕೇಳುತ್ತಾರೆ. ಅದು 106(2). ಗುದ್ದಿ ಜೀವ ತೆಗೆದು, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಓಡಿದವರಿಗೆ 10 ವರ್ಷದವರೆಗೆ ಜೈಲು ಅನ್ನುವ ನಿಯಮ. 2024ರ ಜನವರಿಯಲ್ಲಿ ದೇಶದುದ್ದಕ್ಕೂ ಲಾರಿಗಳು ನಿಂತದ್ದು ಇದಕ್ಕೇ. ಉಳಿದ ಸಂಹಿತೆ ಜಾರಿಯಾದಾಗ ಕೇಂದ್ರ ಸರ್ಕಾರ ಈ ಉಪವಿಭಾಗವನ್ನು ಮಾತ್ರ ತಡೆಹಿಡಿಯಿತು.

ಹಾಗಂತ ಓಡಬಹುದು ಅಂತಲ್ಲ. ಪೊಲೀಸರು ಬೆನ್ನು ಹತ್ತಿದ್ದಾರೆ, ಎದುರು ಸಂತೆ ಜನ ಇದೆ ಅಂತ ಕಂಡೂ ನುಗ್ಗಿಸಿದರೆ, ಅದು ನಿರ್ಲಕ್ಷ್ಯ ಅಲ್ಲ, ಸಾವು ಆಗಬಹುದು ಅಂತ ಗೊತ್ತಿದ್ದೇ ಮಾಡಿದ್ದು ಎಂದು ಪೊಲೀಸರು ಸೆಕ್ಷನ್ 105 ಹಾಕಬಹುದು. ಓಡಿಹೋಗುವಾಗ ಆಗುವ ಅಪಘಾತಕ್ಕೂ ಸುಮ್ನೆ ಆಗುವ ಅಪಘಾತಕ್ಕೂ ಇರುವ ವ್ಯತ್ಯಾಸ ಇಲ್ಲೇ.

ನಿಂತ್ರ ಜನ ಹಿಡ್ಕೊಂಡು ಹೊಡೀತಾರಲ್ರಿ?

ಹೊಡೆಯುತ್ತಾರೆ, ಸುಳ್ಳಲ್ಲ. ಕಾನೂನಿಗೂ ಅದು ಗೊತ್ತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು ಅನ್ನುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ರಲ್ಲೇ ಉದ್ರಿಕ್ತ ಜನರ ಭಯ ಇದ್ದರೆ ವಿನಾಯಿತಿ ಇದೆ. ಆಗ ಅಲ್ಲಿಂದ ಹೊರಡಿ, ಆದರೆ ಸೀದಾ ಹತ್ತಿರದ ಠಾಣೆಗೆ ಹೋಗಿ. ಸುರಕ್ಷಿತ ಜಾಗ ಸಿಕ್ಕ ಕೂಡಲೇ 108ಕ್ಕೆ, 112ಕ್ಕೆ ಫೋನ್ ಮಾಡಿ ಜಾಗದ ಹೆಸರು ಹೇಳಿ. ಹೇಗಿದ್ದರೂ 24 ಗಂಟೆಯೊಳಗೆ ಠಾಣೆಗೆ ತಿಳಿಸಲೇಬೇಕು. ಮಾವನ ಊರಿಗೆ ಹೋಗಿ ಬಚ್ಚಿಟ್ಟುಕೊಂಡು ಮೂರನೇ ದಿನ ‘ಜನರಿಗೆ ಹೆದರಿದ್ದೆ’ ಅಂದರೆ ಯಾರೂ ನಂಬುವುದಿಲ್ಲ.

ತಡೀಲಿಕ್ಕೆ ಬಂದ ಪೊಲೀಸ್ರಿಗೇ ಗಾಡಿ ತಾಗಿದ್ರ?

ಕರ್ತವ್ಯದ ಮೇಲಿದ್ದವರನ್ನು ತಡೆಯಲು ಬಲ ಬಳಸಿದರೆ ಬಿಎನ್‌ಎಸ್ ಸೆಕ್ಷನ್ 132, 2 ವರ್ಷದವರೆಗೆ ಜೈಲು. ಬೇಕಂತಲೇ ಗಾಯ ಮಾಡಿದರೆ ಸೆಕ್ಷನ್ 121, 5 ವರ್ಷದವರೆಗೆ. ತೀವ್ರ ಗಾಯವಾದರೆ 1ರಿಂದ 10 ವರ್ಷ. ಬೇಕಂತಲೇ ಮೈಮೇಲೆ ಹತ್ತಿಸಲು ಹೋದರೆ ಕೊಲೆ ಯತ್ನ, ಸೆಕ್ಷನ್ 109. ಅದರಲ್ಲಿ ಗಾಯವಾಗಿದ್ದರೆ ಜೀವಾವಧಿವರೆಗೂ ಹೋಗಬಹುದು. ತಪ್ಪಿಸಿಕೊಳ್ಳುವ ಭರದಲ್ಲಿ ಕನ್ನಡಿ ತಾಗಿತೋ, ನೇರವಾಗಿ ಅವರತ್ತಲೇ ತಿರುಗಿಸಿದಿರೋ ಅನ್ನುವುದರ ಮೇಲೆ ಇಡೀ ಕೇಸ್ ನಿಂತಿರುತ್ತದೆ.

ನಮ್ಮ ಭಾಗದಲ್ಲಿ ಇದು ಪುಸ್ತಕದ ಮಾತಲ್ಲ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಅದರಡಿ ಸಿಕ್ಕು ಸತ್ತರು. ಭೀಮಾ, ಕೃಷ್ಣಾ ದಂಡೆಯ ಠಾಣೆಗಳಲ್ಲಿ ರಾತ್ರಿ ಗಸ್ತಿಗೆ ಹೋಗುವವರು ಟ್ರ್ಯಾಕ್ಟರ್ ಬೆಳಕು ಕಂಡರೆ ಜಾಸ್ತಿ ಹುಷಾರಾಗುತ್ತಾರೆ. ಅಂಥ ರಸ್ತೆಯಲ್ಲಿ ನೀವು ನಿಲ್ಲಿಸದೆ ನುಗ್ಗಿದರೆ ನಿಮ್ಮನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ.

ಮರಳಿನ ಟ್ರ್ಯಾಕ್ಟರ್ ಬಿಟ್ಟು ಡ್ರೈವರ್ ಓಡಿಹೋದ. ಮಾಲೀಕಗ ವಾಪಸ್ ಸಿಗ್ತದೇನು?

ಸುಲಭಕ್ಕಿಲ್ಲ. ಗಣಿ ಮತ್ತು ಖನಿಜ ಕಾಯ್ದೆಯ ಸೆಕ್ಷನ್ 21ರಲ್ಲಿ 5 ವರ್ಷದವರೆಗೆ ಜೈಲು ಇದೆ. ಗಾಡಿ ಜಪ್ತಿ ಮಾಡಿ, ಕೋರ್ಟ್ ಆದೇಶದ ಮೇಲೆ ಮುಟ್ಟುಗೋಲು ಹಾಕಲೂಬಹುದು. ಜೊತೆಗೆ ಮರಳು ಕಳ್ಳತನದ ಕೇಸ್ ಬೇರೆ. ಎರಡೂ ಒಟ್ಟಿಗೆ ನಡೆಯಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಡ್ರೈವರ್ ಓಡಿದ ಅಂತ ಮಾಲೀಕ ಪಾರಾಗುವುದಿಲ್ಲ, ಟ್ರ್ಯಾಕ್ಟರ್ ನಂಬರ್ ಅಲ್ಲೇ ನಿಂತಿರುತ್ತದಲ್ಲ.

ಬೆನ್ನು ಹತ್ತಿದ ಪೊಲೀಸ್ರು ಹೊಡೀಬಹುದೇನು, ಗುಂಡು ಹಾರಿಸಬಹುದೇನು?

ಹಿಡಿಯಲು ಎಷ್ಟು ಬೇಕೋ ಅಷ್ಟೇ ಬಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪ ಇಲ್ಲದವರ ಜೀವ ತೆಗೆಯುವ ಹಕ್ಕು ಬಂಧನದ ಹೆಸರಿನಲ್ಲಿ ಯಾರಿಗೂ ಇಲ್ಲ (ಬಿಎನ್‌ಎಸ್‌ಎಸ್ ಸೆಕ್ಷನ್ 43). ತಮ್ಮ ಜೀವಕ್ಕೆ ಕುತ್ತು ಬಂದಾಗ ಆತ್ಮರಕ್ಷಣೆ ಬೇರೆ. ಸಿಕ್ಕ ಮೇಲೆ ಲಾಠಿ ರುಚಿ ತೋರಿಸುವುದು ಕಾನೂನಿನಲ್ಲಿಲ್ಲ. ಹೊಡೆದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗಲೇ ಹೇಳಿ, ವೈದ್ಯಕೀಯ ಪರೀಕ್ಷೆ ಕೇಳಿ. ಆಮೇಲೆ ಹೇಳಿದರೆ ತೂಕ ಕಡಿಮೆ.

## ಕೇಸ್ ಆದ ಮೇಲೆ

ಬೇಲ್ ಸಿಗ್ತದೇನು?

281, 125, 106(1) ಜಾಮೀನು ಸಿಗುವ ಸೆಕ್ಷನ್‌ಗಳು. ಠಾಣೆಯಲ್ಲೇ ಬಿಡಬಹುದು. 132, 121, 105, 109 ಹಾಕಿದರೆ ಕೋರ್ಟಿಗೆ ಹೋಗಬೇಕು. ಬಂಧನದ ಭಯ ಇದ್ದರೆ ಬಿಎನ್‌ಎಸ್‌ಎಸ್ ಸೆಕ್ಷನ್ 482ರಲ್ಲಿ ನಿರೀಕ್ಷಣಾ ಜಾಮೀನಿಗೆ ಸೆಷನ್ಸ್ ಕೋರ್ಟ್, ಅಲ್ಲಿ ಆಗದಿದ್ದರೆ ಕಲಬುರಗಿಯ ಹೈಕೋರ್ಟ್ ಪೀಠ. ಈ ಪೀಠ ಇಲ್ಲಿಗೆ ಬರುವ ಮುಂಚೆ ಇಂಥದ್ದಕ್ಕೂ ಬೆಂಗಳೂರು ರೈಲು ಹತ್ತಬೇಕಿತ್ತು.

7 ವರ್ಷದೊಳಗಿನ ಶಿಕ್ಷೆಯ ಕೇಸಿನಲ್ಲಿ ಸಾಮಾನ್ಯವಾಗಿ ಮೊದಲು ಹಾಜರಾಗಲು ನೋಟಿಸ್ ಕೊಡುತ್ತಾರೆ. ಆ ನೋಟಿಸ್‌ಗೆ ಹೋಗದಿದ್ದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು.

ಗಾಡಿ ಸ್ಟೇಶನ್ ಮುಂದ ಬಿಸಲಾಗ ನಿಂತದ. ಹೆಂಗ ಬಿಡಿಸಿಕೊಳ್ಳೋದು?

ನಮ್ಮ ಠಾಣೆಗಳ ಹಿಂದೆ ನೋಡಿದ್ದೀರಲ್ಲ? ಬೇವಿನ ಮರದಡಿ ಸಾಲಾಗಿ ಬೈಕುಗಳು. ಎರಡು ಬೇಸಿಗೆ ಕಳೆದರೆ ಸೀಟು ಸೀಳಿ ಸ್ಪಂಜ್ ಹೊರಗೆ, ಟೈರ್ ನೆಲಕ್ಕೆ ಅಂಟಿರುತ್ತದೆ, ಟ್ಯಾಂಕಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಕ್ರೈಂ ನಂಬರ್ ಮಾತ್ರ ಉಳಿದಿರುತ್ತದೆ. ಜಪ್ತಿ ಮಾಡಿದ ಗಾಡಿಗಳನ್ನು ಹೀಗೆ ಕೊಳೆಯಲು ಬಿಡಬಾರದು, ಫೋಟೊ, ಪಂಚನಾಮೆ ಮಾಡಿ ಬಾಂಡ್ ಬರೆಸಿಕೊಂಡು ಬೇಗ ಬಿಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಹಾಗಾಗಿ ಕಾಯಬೇಡಿ. ಆರ್‌ಸಿ, ಇನ್ಶೂರೆನ್ಸ್, ಆಧಾರ್ ಹಿಡಿದು ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ. ಜಾಮೀನುದಾರರು ಬೇಕಾಗಬಹುದು, ಹೊಲ ಇದ್ದವರಾದರೆ ಪಹಣಿ ತರಲಿ. ಕೇಸ್ ಮುಗಿಯುವವರೆಗೆ ಗಾಡಿ ಮಾರುವುದಿಲ್ಲ, ಬಣ್ಣ ಬದಲಾಯಿಸುವುದಿಲ್ಲ, ಕರೆದಾಗ ತಂದು ತೋರಿಸುತ್ತೇನೆ ಅಂತ ಬರೆದುಕೊಡಬೇಕು. ಅಪಘಾತ ಮಾಡಿದ ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಪರಿಹಾರದ ಹಣಕ್ಕೆ ಭದ್ರತೆ ಕೇಳುತ್ತಾರೆ. ಅಲ್ಲೇ ಹೆಚ್ಚಿನವರು ಸಿಕ್ಕಿಕೊಳ್ಳುವುದು.

ಇನ್ಶೂರೆನ್ಸ್ ಎಲ್ಲಾ ಕೊಡ್ತದಲ್ಲ?

ಎದುರಿನವರಿಗೆ ಕೊಡಬಹುದು. ಲೈಸೆನ್ಸ್ ಇಲ್ಲದಿದ್ದರೆ ಕೊಟ್ಟ ಹಣವನ್ನು ಮಾಲೀಕರಿಂದ ವಸೂಲಿ ಮಾಡಲು ಕೋರ್ಟ್ ಕಂಪನಿಗೆ ಅವಕಾಶ ಕೊಡುತ್ತದೆ. ತನ್ನದೇ ಅತಿವೇಗ, ಅಜಾಗರೂಕತೆಯಿಂದ ಸತ್ತ ಚಾಲಕನ ಕುಟುಂಬಕ್ಕೆ ಪರಿಹಾರ ಕೊಡಲಾಗದು ಎಂಬ ಕರ್ನಾಟಕ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಎತ್ತಿಹಿಡಿದಿದೆ.

ಕಾನ್‌ಸ್ಟೇಬಲ್ ಪರೀಕ್ಷೆ ಬರೆದೀನಿ. ಈ ಕೇಸ್ ಅಡ್ಡ ಬರ್ತದೇನು?

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಸರ್ಟಿಫಿಕೇಟ್ ಇದ್ದರೂ ಪೊಲೀಸ್ ವೆರಿಫಿಕೇಶನ್ ದಾಟಲೇಬೇಕು. ಬರೀ ದಂಡ ಕಟ್ಟಿದ ಸಂಚಾರ ಕೇಸ್ ಸಾಮಾನ್ಯವಾಗಿ ದೊಡ್ಡ ವಿಷಯವಾಗುವುದಿಲ್ಲ. ಪೊಲೀಸರ ಮೇಲೆ ಹಲ್ಲೆಯ ಸೆಕ್ಷನ್ ಇದ್ದರೆ ಕಷ್ಟ. ಏನೇ ಇರಲಿ, ಅರ್ಜಿಯಲ್ಲಿ ಕೇಳಿದರೆ ಮುಚ್ಚಿಡಬೇಡಿ. ಕೇಸ್ ಮುಚ್ಚಿಟ್ಟದ್ದೇ ಕೆಲಸ ಹೋಗಲು ಕಾರಣವಾಗಬಹುದು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ನಿನ್ನೆ ರಾತ್ರಿ ಓಡಿ ಬಂದೀನಿ. ಯಾರಿಗೂ ಏನೂ ಆಗಿಲ್ಲ. ಈಗ ಏನ್ ಮಾಡ್ಲಿ?

ಗಾಡಿಯನ್ನು ಬೇರೆಯವರ ಹೊಲದ ಮನೆಯಲ್ಲಿ ಬಚ್ಚಿಡಬೇಡಿ, ನಂಬರ್ ಪ್ಲೇಟ್ ಬದಲಾಯಿಸಬೇಡಿ. ಹಾಗೆ ಮಾಡಿದರೆ ಸಾಕ್ಷ್ಯನಾಶ, ವಂಚನೆ ಎಂದು ಹೊಸ ಸೆಕ್ಷನ್ ಸೇರುತ್ತವೆ. ಬಾಕಿ ಚಲನ್ ಇದೆಯಾ ನೋಡಿ, ಇದ್ದರೆ ಕಟ್ಟಿ. ನೋಟಿಸ್ ಅಥವಾ ಫೋನ್ ಬಂದರೆ ವಕೀಲರ ಜೊತೆ ಹೋಗಿ, ಕಾಗದ ತೋರಿಸಿ. ಏನನ್ನೂ ಓದದೆ ಸಹಿ ಹಾಕಬೇಡಿ. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.